ಜೋತುಬಿದ್ದ ಚರ್ಮಕ್ಕೆ ಸೌಂದರ್ಯದ ಲೆಕ್ಕ

ನಮ್ಮ ಅತ್ತಿಗೆಯ ಕೈಚೀಲದಲ್ಲಿ ಊಟದ ಡಬ್ಬಿಯ ಪಕ್ಕ ಒಂದು ಪ್ಲಾಸ್ಟಿಕ್ ಕವರ್ ಇರುತ್ತದೆ. ಅದರೊಳಗೆ ಅಣ್ಣನ ಹಳೆಯ ಪಂಚೆಯನ್ನು ಹರಿದು, ಬಿಸಿನೀರಲ್ಲಿ ಒಗೆದು, ಇಸ್ತ್ರಿ ಮಾಡಿ ಮಡಿಸಿಟ್ಟ ನಾಲ್ಕು ಬಟ್ಟೆ ತುಂಡುಗಳು. ಬಂಗಾರಪೇಟೆಯಲ್ಲಿ ಬೆಳಗಿನ ರೈಲು ಹತ್ತುವಾಗಲೇ ಇನ್ನೊಂದು ತುಂಡು ಅವರ ಹೊಟ್ಟೆಯ ಮಡಿಕೆಯ ಕೆಳಗೆ ಸೇರಿರುತ್ತದೆ. ಟೇಕಲ್, ಮಾಲೂರು ದಾಟಿ ವೈಟ್‌ಫೀಲ್ಡ್‌ನಲ್ಲಿ ಇಳಿಯುವ ಹೊತ್ತಿಗೆ ಅದು ಒದ್ದೆ. ಕಚೇರಿಯ ಶೌಚಾಲಯದಲ್ಲಿ ಅದನ್ನು ತೆಗೆದು, ಒರೆಸಿಕೊಂಡು, ಫಂಗಸ್ಸಿಗೆ ಹಾಕುವ ಪೌಡರ್ ಉದುರಿಸಿ, ಹೊಸದನ್ನು ಇಟ್ಟುಕೊಳ್ಳುತ್ತಾರೆ. ಮಧ್ಯಾಹ್ನ ಇನ್ನೊಂದು, ಸಂಜೆ ಮತ್ತೊಂದು. ಏಪ್ರಿಲ್ ತಿಂಗಳಲ್ಲಿ ನಾಲ್ಕೂ ಸಾಲುವುದಿಲ್ಲ.

ಮೂರು ವರ್ಷದ ಹಿಂದೆ ಅತ್ತಿಗೆ 118 ಕಿಲೋ ಇದ್ದರು. ಸಕ್ಕರೆ ಕಾಯಿಲೆ, ಬಿಪಿ, ರಾತ್ರಿ ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವುದು, ಎಲ್ಲವೂ ಇದ್ದವು. ಹೊಟ್ಟೆಯ ಚೀಲವನ್ನು ಕಿರಿದು ಮಾಡುವ ಬೇರಿಯಾಟ್ರಿಕ್ ಆಪರೇಷನ್ ಆಯಿತು. ಈಗ 66 ಕಿಲೋ. ಸಕ್ಕರೆಯ ಮಾತ್ರೆ ನಿಂತಿದೆ, ಬಿಪಿ ಮಾತ್ರೆ ಅರ್ಧಕ್ಕೆ ಇಳಿದಿದೆ, ರಾತ್ರಿ ನಿದ್ದೆ ಬರುತ್ತದೆ. 52 ಕಿಲೋ ಹೋಯಿತು. ಆ 52 ಕಿಲೋವನ್ನು ಹೊದ್ದುಕೊಂಡಿದ್ದ ಚರ್ಮ ಮಾತ್ರ ಎಲ್ಲಿಗೂ ಹೋಗಲಿಲ್ಲ. ಹೊಟ್ಟೆಯಿಂದ ತೊಡೆಯ ಮೇಲಕ್ಕೆ ಇಳಿಬಿದ್ದಿದೆ, ಬೆನ್ನಿನ ಎರಡೂ ಪಕ್ಕ ಮಡಿಕೆಯಾಗಿ ನಿಂತಿದೆ, ತೋಳಿನಿಂದ ಜೋತಾಡುತ್ತದೆ. ಮಡಿಕೆಗಳ ಒಳಗೆ ಬೆವರು, ಬೆವರಿಗೆ ಉರಿ, ಉರಿಗೆ ತುರಿಕೆ, ತುರಿಸಿದರೆ ಗಾಯ, ಗಾಯದಿಂದ ವಾಸನೆ. ರೈಲಿನಲ್ಲಿ ಸೀಟು ಸಿಕ್ಕರೂ ಅವರು ಕೂರುವುದಿಲ್ಲ. ಪಕ್ಕದವರು ಮೂಗಿಗೆ ಸೆರಗು ತಂದುಕೊಂಡಾರೆಂಬ ಭಯ.

ಆಪರೇಷನ್ ಮಾಡಿದ ವೈದ್ಯರೇ ಹೇಳಿದರು: ತೂಕ ಒಂದು ವರ್ಷದಿಂದ ಒಂದೇ ಕಡೆ ನಿಂತಿದೆ, ಇನ್ನು ಬಾಡಿ ಲಿಫ್ಟ್ ಮಾಡಿಸಬಹುದು. ಚರ್ಮರೋಗ ತಜ್ಞರು ಎಂಟು ತಿಂಗಳ ಚೀಟಿಗಳನ್ನು ಜೋಡಿಸಿ ಪತ್ರ ಕೊಟ್ಟರು. ಕಡತ ವಿಮಾ ಕಂಪನಿಗೆ ಹೋಯಿತು. ಹೊಟ್ಟೆಯ ಆಪರೇಷನ್‌ಗೆ ದುಡ್ಡು ಕೊಟ್ಟಿದ್ದ ಅದೇ ಕಂಪನಿ. ಹನ್ನೊಂದನೇ ದಿನಕ್ಕೆ ಉತ್ತರ ಬಂತು. ಎರಡು ಸಾಲು. ಇದು ಸೌಂದರ್ಯ ಚಿಕಿತ್ಸೆ, ಷರತ್ತು 08ರ ಪ್ರಕಾರ ಕೊಡಲಾಗದು.

ಸೌಂದರ್ಯ! ಅತ್ತಿಗೆ ಆ ಪತ್ರವನ್ನು ಎರಡು ಸಲ ಓದಿ, ಮಡಿಸಿ, ಪಂಚೆಯ ತುಂಡುಗಳ ಜೊತೆ ಅದೇ ಕವರಿನಲ್ಲಿ ಇಟ್ಟರು. ನನ್ನ ಜಗಳ ಇರುವುದು ಈ ಒಂದು ಪದದ ಜೊತೆ.

2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ದೇಶದ ಎಲ್ಲ ಆರೋಗ್ಯ ವಿಮೆಗಳಿಗೂ ಒಂದೇ ಪಾಠದ ಹೊರಗಿಡುವ ಷರತ್ತುಗಳನ್ನು ಬರೆದುಕೊಟ್ಟಿತು. ಅದಕ್ಕೆ ಮುಂಚೆ ಒಂದೊಂದು ಕಂಪನಿಯದು ಒಂದೊಂದು ಭಾಷೆ, ಹಾಗಾಗಿ ಅದು ಒಳ್ಳೆಯ ಕೆಲಸವೇ. ಪ್ರತಿ ಷರತ್ತಿಗೂ ಒಂದು ಸಂಖ್ಯೆ ಕೊಟ್ಟರು. 06 ಬೊಜ್ಜಿನದು. ಬಿಎಂಐ 40 ದಾಟಿದ್ದರೆ, ಅಥವಾ 35 ದಾಟಿ ಹೃದ್ರೋಗವೋ ಹತೋಟಿಗೆ ಬಾರದ ಸಕ್ಕರೆಯೋ ತೀವ್ರವಾದ ನಿದ್ರಾ ಉಸಿರುಕಟ್ಟೋ ಇದ್ದರೆ, ಬೇರೆ ದಾರಿಗಳು ಸೋತ ಮೇಲೆ ಆಪರೇಷನ್ ಖರ್ಚು ಕೊಡಬೇಕು ಎನ್ನುತ್ತದೆ. 08 ಸೌಂದರ್ಯದ್ದು. ರೂಪ ಬದಲಿಸುವ ಯಾವ ಚಿಕಿತ್ಸೆಗೂ ದುಡ್ಡಿಲ್ಲ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆದಮೇಲಿನ ಪುನರ್ರಚನೆಗೆ ಮಾತ್ರ ವಿನಾಯಿತಿ. ಇನ್ನೊಂದು ಕಿಂಡಿಯೂ ಇದೆ: ರೋಗಿಯ ಆರೋಗ್ಯಕ್ಕೆ ಇರುವ ನೇರವಾದ, ತಕ್ಷಣದ ಅಪಾಯವನ್ನು ತೆಗೆಯಲು ಬೇಕೇಬೇಕೆಂದು ಚಿಕಿತ್ಸೆ ಕೊಡುವ ವೈದ್ಯರು ಬರೆದುಕೊಟ್ಟರೆ ಕೊಡಬಹುದು.

ಈಗ ಈ ಎರಡು ಷರತ್ತುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಬೊಜ್ಜು ರೋಗ ಎಂದು 06 ಒಪ್ಪುತ್ತದೆ. ಆ ರೋಗ ವಾಸಿಯಾದಾಗ ಅದರದೇ ಉಳಿಕೆಯಾಗಿ ನಿಲ್ಲುವ ಚರ್ಮ 08ಕ್ಕೆ ಬಂದು ಬೀಳುತ್ತದೆ, ಬೀಳುವಾಗ ದಾರಿಯಲ್ಲಿ ಎಲ್ಲೋ ರೋಗ ಎನ್ನುವುದು ಕಳಚಿಹೋಗಿ ಶೋಕಿ ಆಗಿಬಿಡುತ್ತದೆ. ಕಾಲು ಮುರಿದವನಿಗೆ ಪ್ಲಾಸ್ಟರ್ ಹಾಕಲು ದುಡ್ಡು ಕೊಟ್ಟು, ಅದನ್ನು ಬಿಚ್ಚುವುದು ನಿನ್ನ ಅಂದಕ್ಕೆ ಅಂದ ಹಾಗೆ. ವೈದ್ಯರ ಪತ್ರ ಇತ್ತಲ್ಲ ಎಂದು ನಾನು ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗ ಬಹಳ ಮರ್ಯಾದೆಯಿಂದ ವಿವರಿಸಿದ: 'ಮೇಡಂ, ತಕ್ಷಣದ ಅಪಾಯ ಅಂತ ಇರಬೇಕು. ಇವರದ್ದು ಎಂಟು ತಿಂಗಳಿಂದ ಇದೆಯಲ್ಲ?' ಎಂಟು ತಿಂಗಳಿಂದ ಇರುವುದೇ ಅದು ತಕ್ಷಣದ್ದಲ್ಲ ಎನ್ನುವುದಕ್ಕೆ ಪುರಾವೆ! ಒಂದೇ ಏಟಿಗೆ ಕೊಲ್ಲುವುದಾದರೆ ಅಪಾಯ. ದಿನಾ ಚೂರು ಚೂರೇ ಸುಲಿದರೆ ಅದು ಸೌಂದರ್ಯದ ಪ್ರಶ್ನೆ. ರಾತ್ರಿ ಇದನ್ನು ಹೇಳಿದಾಗ ಅತ್ತಿಗೆ ನಕ್ಕರು. 'ಒಲೆ ಮುಂದೆ ಸೀರೆಗೆ ಬೆಂಕಿ ಹತ್ತಿ ಸುಟ್ಕೊಂಡಿದ್ರೆ ಕೊಡ್ತಿದ್ರಂತೆ ಕಣೇ. ಸಣ್ಣ ಆಗಿದ್ದು ತಪ್ಪಾಯ್ತು.'

ತೆರಿಗೆಯವರೂ ಇದೇ ಹಾದಿ. 2017ರ ಜಿಎಸ್‌ಟಿ ಅಧಿಸೂಚನೆಯಲ್ಲಿ ಆರೋಗ್ಯ ಸೇವೆಗೆ ತೆರಿಗೆ ಇಲ್ಲ. ಆದರೆ ಆರೋಗ್ಯ ಸೇವೆ ಎಂಬ ಪದದ ಅರ್ಥದಿಂದ ಕೂದಲು ಕಸಿಯನ್ನೂ ಪ್ಲಾಸ್ಟಿಕ್ ಸರ್ಜರಿಯನ್ನೂ ಹೊರಗೆ ಹಾಕಿದ್ದಾರೆ. ಹುಟ್ಟಿನಿಂದ ಬಂದ ಊನ, ಬೆಳವಣಿಗೆಯ ದೋಷ, ಗಾಯ, ಆಘಾತ, ಇವುಗಳಿಂದ ಕೆಟ್ಟ ಅಂಗರಚನೆಯನ್ನೋ ಕೆಲಸವನ್ನೋ ಸರಿಮಾಡಲು ಆದರೆ ಮಾತ್ರ ಮಾಫಿ. ರೋಗದಿಂದ ಕೆಟ್ಟಿದ್ದು ಆ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ಅತ್ತಿಗೆಯ ಚರ್ಮಕ್ಕೆ ನೂರಕ್ಕೆ 18. 2025ರ ಸೆಪ್ಟೆಂಬರ್‌ನಲ್ಲಿ ಸಲೂನು, ಜಿಮ್ಮು, ಯೋಗ ಕೇಂದ್ರಗಳ ತೆರಿಗೆಯನ್ನು ನೂರಕ್ಕೆ 5ಕ್ಕೆ ಇಳಿಸಿದರು. ನಿಜವಾದ ಸೌಂದರ್ಯದ ಅಂಗಡಿಗೆ 5, ಗಾಯಕ್ಕೆ 18. ಬಡವರ ಆಯುಷ್ಮಾನ್ ಯೋಜನೆಯೂ ಸೌಂದರ್ಯ ಚಿಕಿತ್ಸೆಯನ್ನು ಹೊರಗಿಟ್ಟಿದೆ. ಅಂದರೆ ಬಡವರಿಗೂ ಇದೇ ಪದ, ಇದೇ ಬಾಗಿಲು.

ಇಲ್ಲಿ ಚರ್ಮದ ಬಗ್ಗೆ ಒಂದಿಷ್ಟು ಹೇಳಲೇಬೇಕು, ಏಕೆಂದರೆ ಈ ವಾದವೆಲ್ಲ ಚರ್ಮವೇನೆಂದು ತಿಳಿಯದವರು ಹೂಡಿದ್ದು. ದೊಡ್ಡವರ ಮೈಮೇಲಿನ ಚರ್ಮ ಬಿಡಿಸಿ ಹಾಸಿದರೆ ಒಂದೂವರೆಯಿಂದ ಎರಡು ಚದರ ಮೀಟರ್. ಅದರ ಒಳಪದರದಲ್ಲಿ ಕೊಲಾಜೆನ್, ಎಲಾಸ್ಟಿನ್ ಎಂಬ ಎರಡು ಬಗೆಯ ಎಳೆಗಳು. ಕೊಲಾಜೆನ್ ಗಟ್ಟಿತನಕ್ಕೆ, ಎಲಾಸ್ಟಿನ್ ಎಳೆದದ್ದು ವಾಪಸು ಬರುವುದಕ್ಕೆ. ವರ್ಷಗಟ್ಟಲೆ ಹಿಗ್ಗಿದ ಚರ್ಮದಲ್ಲಿ ಈ ಎಳೆಗಳು ತುಂಡಾಗಿರುತ್ತವೆ. ದೊಡ್ಡವರಾದ ಮೇಲೆ ಮೈ ಹೊಸ ಎಲಾಸ್ಟಿನ್ ಮಾಡಿಕೊಳ್ಳುವುದು ತೀರ ಕಡಿಮೆ. ಲಂಗದ ಎಲಾಸ್ಟಿಕ್ ಒಮ್ಮೆ ಸೋತಿತೆಂದರೆ ಎಷ್ಟು ಸಲ ಒಗೆದು ಒಣಗಿಸಿದರೂ ಬಿಗಿಯಾಗುತ್ತದೆಯೇ? ವಾಕಿಂಗ್, ಯೋಗ, ಎಣ್ಣೆ ತಿಕ್ಕುವುದು, ಕ್ರೀಮು ಹಚ್ಚುವುದು ಯಾವುದೂ ಇಷ್ಟು ದೊಡ್ಡ ಸಡಿಲವನ್ನು ಬಿಗಿ ಮಾಡುವುದಿಲ್ಲ. ವ್ಯಾಯಾಮದಿಂದ ಸ್ನಾಯು ಬೆಳೆಯುತ್ತದೆ. ಚರ್ಮ ಸ್ನಾಯುವಲ್ಲ.

ಬಾಡಿ ಲಿಫ್ಟ್ ಎಂದರೆ ಹೆಸರಿನಲ್ಲಿ ಇರುವಷ್ಟು ಹಗುರದ ಕೆಲಸವೂ ಅಲ್ಲ. ಸೊಂಟದ ಸುತ್ತ, ಉಡಿದಾರ ಕಟ್ಟುವ ಜಾಗದಲ್ಲಿ, ಹಿಂದಿನಿಂದ ಮುಂದಕ್ಕೆ ಪೂರ್ತಿ ಒಂದು ಸುತ್ತು ಕೊಯ್ಯುತ್ತಾರೆ. ಹೆಚ್ಚುವರಿ ಚರ್ಮವನ್ನೂ ಅದರ ಕೆಳಗಿನ ಉಳಿದ ಕೊಬ್ಬನ್ನೂ ಬೆಲ್ಟಿನ ಹಾಗೆ ತೆಗೆದು, ಮೇಲಿನದನ್ನೂ ಕೆಳಗಿನದನ್ನೂ ಎಳೆದು ಹೊಲಿಯುತ್ತಾರೆ. ಹೊಕ್ಕುಳಿಗೆ ಹೊಸ ಜಾಗ ಮಾಡಬೇಕು. ಗಂಟೆಗಟ್ಟಲೆ ಹಿಡಿಯುತ್ತದೆ, ನಡುವೆ ರೋಗಿಯನ್ನು ಬೋರಲಿನಿಂದ ಅಂಗಾತಕ್ಕೆ ತಿರುಗಿಸಬೇಕು. ನೀರು ಹರಿದುಹೋಗಲು ಕೊಳವೆಗಳು, ಮೈಗೆ ಬಿಗಿಯುಡುಪು, ವಾರಗಟ್ಟಲೆ ಬಗ್ಗುವಂತಿಲ್ಲ, ಎತ್ತುವಂತಿಲ್ಲ. ಗಾಯ ಬಾಯಿ ಬಿಡಬಹುದು, ಒಳಗೆ ನೀರು ಕಟ್ಟಬಹುದು, ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಬಹುದು. ಜೀವನಪೂರ್ತಿ ಸೊಂಟದ ಸುತ್ತ ಕಲೆ ಉಳಿಯುತ್ತದೆ. ಅಂದಕ್ಕಾಗಿ ಇಷ್ಟುದ್ದದ ಕಲೆಯನ್ನು ಯಾರಾದರೂ ಕಾಸು ಕೊಟ್ಟು ಕೊಳ್ಳುತ್ತಾರೆಯೇ ಎಂದು ಷರತ್ತು 08 ಬರೆದವರು ಒಂದು ಗಳಿಗೆ ಯೋಚಿಸಲಿಲ್ಲ.

ಗಳಿಗೆ ಯೋಚಿಸಿದವರು ಬೇರೆ ಕಡೆ ಇದ್ದಾರೆ. ದುಡ್ಡಿನ ವಿಚಾರದಲ್ಲಿ ಅಮೆರಿಕದ ವಿಮಾ ಕಂಪನಿಗಳಷ್ಟು ಜಿಪುಣರು ಯಾರಿದ್ದಾರೆ? ಅವರೂ ಈ ಕೆಲಸವನ್ನು ಎರಡಾಗಿ ಒಡೆದು ನೋಡುತ್ತಾರೆ. ಹೊಟ್ಟೆಯನ್ನು ಚಪ್ಪಟೆ ಮಾಡಿ ಅಂದಗಾಣಿಸುವುದಕ್ಕೆ ಕೊಡುವುದಿಲ್ಲ. ಆದರೆ ಚರ್ಮದ ಮಡಿಕೆ ಒಂದು ಗುರುತಿನಿಂದ ಕೆಳಕ್ಕೆ ಇಳಿದಿದ್ದರೆ, ತಿಂಗಳುಗಟ್ಟಲೆ ಔಷಧಿ ಹಾಕಿದರೂ ಹುಣ್ಣು ಮರುಕಳಿಸುತ್ತಿದ್ದರೆ, ಆ ಮಡಿಕೆಯನ್ನು ಕೊಯ್ದು ತೆಗೆಯುವುದಕ್ಕೆ ಸಾಮಾನ್ಯವಾಗಿ ಕೊಡುತ್ತಾರೆ. ಅಲ್ಲಿ ತಿಂಗಳುಗಟ್ಟಲೆ ಇರುವುದು ಅರ್ಹತೆ, ಇಲ್ಲಿ ಅದೇ ಅನರ್ಹತೆ. ಅವರಿಂದ ಎಷ್ಟೋ ಬೇಡದ್ದನ್ನು ತಂದುಕೊಂಡಿದ್ದೇವೆ, ಈ ಒಂದು ಗೆರೆಯನ್ನು ತರಬಹುದಿತ್ತು.

ಕಂಪನಿಯದು ಲಾಭದ ಲೆಕ್ಕ, ಅದರ ಮೇಲೆ ಕೋಪ ಬರುತ್ತದೆಯೇ ಹೊರತು ಆಶ್ಚರ್ಯ ಆಗುವುದಿಲ್ಲ. ನನಗೆ ಆಶ್ಚರ್ಯವಾದದ್ದು ಮನೆಗೆ ಬಂದುಹೋಗುವವರದು. ನಮ್ಮೂರು ಪಾನಿಪುರಿಗೆ ಹೆಸರಾದ ಊರು. ಬಣ್ಣವಿಲ್ಲದ ತಿಳಿನೀರಿನ ಬಂಗಾರಪೇಟೆ ಪಾನಿಪುರಿ ಎಂದು ಬೆಂಗಳೂರಿನ ಗಲ್ಲಿಗಲ್ಲಿಯಲ್ಲಿ ಬೋರ್ಡು ಹಾಕಿಕೊಂಡು ಮಾರುತ್ತಾರೆ. ಅತ್ತಿಗೆ ದಪ್ಪ ಇದ್ದಾಗ ಯಾರೇ ಬಂದರೂ ಒಂದೇ ಮಾತು: ಪಾನಿಪುರಿ ಬಿಡಮ್ಮ. ಅವರು ಅದನ್ನು ತಿನ್ನುತ್ತಲೇ ಇರಲಿಲ್ಲ. ತೂಕ ಇಳಿದ ಮೇಲೆ ಮಾತು ಬದಲಾಯಿತು: ಎಷ್ಟು ಲಕ್ಷಣವಾಗಿದ್ದೀಯ, ಮುಖ ಮಾತ್ರ ಯಾಕೋ ಬಾಡಿದೆ. ಚರ್ಮದ ವಿಚಾರ ಹೇಳಿದರೆ ಮತ್ತೊಂದು: ಬಟ್ಟೆ ಒಳಗೆ ಇರೋದು ಯಾರಿಗೆ ಕಾಣುತ್ತೆ, ಗಂಡ ಏನಾದ್ರೂ ಅಂದ್ನಾ? ಎಲ್ಲ ಪ್ರಶ್ನೆಗಳೂ ನೋಡುವವರ ಕಣ್ಣಿನಿಂದಲೇ. ದಪ್ಪ ಇದ್ದಾಗ ನೋಡಲಾಗದು, ಸಣ್ಣಗಾದರೆ ನೋಡಲು ಚೆನ್ನ, ಒಳಗಿನದು ಕಾಣದಿದ್ದರೆ ಇಲ್ಲವೇ ಇಲ್ಲ. ಆ ಮೈಯೊಳಗೆ ಇರುವವಳಿಗೆ ಉರಿಯುತ್ತದೆಯೇ ಎಂದು ಒಬ್ಬರೂ ಕೇಳಲಿಲ್ಲ. ವಿಮಾ ಕಂಪನಿಯ ಗುಮಾಸ್ತ ಈ ಬಂಧುಬಳಗದಿಂದಲೇ ಬಂದವನು. ಅವನು ಹೊಸದೇನೂ ಹೇಳಲಿಲ್ಲ, ನಾವು ನಡುಮನೆಯಲ್ಲಿ ಆಡುವುದನ್ನು ಲೆಟರ್‌ಹೆಡ್ಡಿನಲ್ಲಿ ಹಾಕಿದ.

ಇದರ ಅಡಿಯಲ್ಲಿ ಇನ್ನೊಂದು ನಂಬಿಕೆ ಇದೆ. ಬೊಜ್ಜು ತಿಂದು ತಂದುಕೊಂಡದ್ದು, ಆದ್ದರಿಂದ ಅದರ ಪಾಡು ಅವರೇ ಪಡಬೇಕು ಎನ್ನುವುದು. ಕುಡಿದು ಬೈಕ್ ಓಡಿಸಿ ಬಿದ್ದವನ ಮುಖ ಹೊಲಿಯುವುದು ವೈದ್ಯರ ಕಣ್ಣಿಗೆ ಪುನರ್ರಚನೆ, ತೆರಿಗೆಗೂ ಅದು ಗಾಯ. ಅವನನ್ನು ಯಾರೂ ನಿನ್ನ ಅಂದಕ್ಕೆ ಎನ್ನುವುದಿಲ್ಲ. ಹೆರಿಗೆಯಾದ ಮೇಲೆ, ಥೈರಾಯ್ಡ್ ಕೆಟ್ಟು, ದಿನಕ್ಕೆ ನಾಲ್ಕು ಗಂಟೆ ರೈಲಿನಲ್ಲೂ ಎಂಟು ಗಂಟೆ ಕುರ್ಚಿಯಲ್ಲೂ ಕಳೆದು ತೂಕ ಏರಿಸಿಕೊಂಡ ಹೆಂಗಸಿಗೆ ಮಾತ್ರ ನೀತಿಪಾಠ.

ಸಾಹಿತ್ಯದ ಗೆಳೆಯರ ಕಡೆಯಿಂದ ಬರುವ ಆಕ್ಷೇಪಣೆ ಬೇರೆ ಬಗೆಯದು, ಈ ಪತ್ರಿಕೆ ಓದುವವರಲ್ಲೂ ಅದು ಇರಬಹುದು. ಇದ್ದ ಮೈಯನ್ನು ಒಪ್ಪಿಕೊಳ್ಳಬೇಕು, ಕತ್ತರಿ ಹಾಕಿಸಿಕೊಳ್ಳುವುದೆಂದರೆ ಮಾರುಕಟ್ಟೆಯ ಸೌಂದರ್ಯಕ್ಕೆ ಸೋತಂತೆ ಎಂದು ಒಬ್ಬ ಗೆಳತಿ ನನಗೆ ಉದ್ದಕ್ಕೆ ಬರೆದಳು. ಸ್ತ್ರೀವಾದದ ಒಳ್ಳೆಯ ಪುಸ್ತಕಗಳನ್ನು ಓದಿದವಳು, ನನಗಿಂತ ಜಾಣೆ. ಅವಳ ಮಾತಿನಲ್ಲಿ ಅರ್ಧ ನಿಜವಿದೆ: ಹದಿನೆಂಟರ ಹುಡುಗಿಯರಿಗೆ ಮೂಗು ತಿದ್ದುವ, ತುಟಿ ಉಬ್ಬಿಸುವ ಜಾಹೀರಾತು ತೋರಿಸುವವರ ಮೇಲೆ ಈ ಮಾತನ್ನು ಎಸೆಯಬೇಕಾದದ್ದೇ. ಆದರೆ ಮಡಿಕೆಯಡಿ ರಕ್ತ ಬರುತ್ತಿರುವವಳಿಗೆ ಒಪ್ಪಿಕೋ ಎನ್ನುವುದು ಗುಮಾಸ್ತನ ಮಾತಿಗೆ ಪಾಂಡಿತ್ಯದ ಒಗ್ಗರಣೆ ಹಾಕಿದಂತೆ. ಇಬ್ಬರೂ ಆ ಮೈಯನ್ನು ಚಿತ್ರಪಟದ ಹಾಗೆ ದೂರ ನಿಂತು ನೋಡುತ್ತಿದ್ದಾರೆ. ಒಬ್ಬ ಅಂದ ಮಾಡಿಕೊಳ್ಳಲು ಹೊರಟಿದ್ದಾಳೆ ಎನ್ನುತ್ತಾನೆ, ಇನ್ನೊಬ್ಬಳು ಅಂದ ಮಾಡಿಕೊಳ್ಳಬೇಡ ಎನ್ನುತ್ತಾಳೆ. ಅಂದದ ಮಾತನ್ನು ಅತ್ತಿಗೆ ತೆಗೆದೇ ಇರಲಿಲ್ಲ.

ಅಥವಾ ತೆಗೆದಿದ್ದರು ಎಂದೇ ಇಟ್ಟುಕೊಳ್ಳೋಣ. ಹುಣ್ಣು ವಾಸಿಯಾಗುವುದರ ಜೊತೆಗೆ ಕನ್ನಡಿಯಲ್ಲೂ ಒಂದಿಷ್ಟು ಸಮಾಧಾನ ಸಿಕ್ಕರೆ ಅದರಲ್ಲಿ ತಪ್ಪೇನು? ಸುಟ್ಟವರಿಗೆ, ಕ್ಯಾನ್ಸರಿನಲ್ಲಿ ಸ್ತನ ಕಳೆದುಕೊಂಡವರಿಗೆ ಪುನರ್ರಚನೆ ಮಾಡುವಾಗ ನಾವು ಅವರ ಕನ್ನಡಿಯನ್ನು ಕಿತ್ತುಕೊಳ್ಳುವುದಿಲ್ಲವಲ್ಲ.

ಪ್ಲಾಸ್ಟಿಕ್ ಸರ್ಜರಿ ಎಂದರೆ ಶ್ರೀಮಂತರ ಶೋಕಿ ಎನ್ನುವವರಿಗೆ ನಮ್ಮ ತಾಲ್ಲೂಕಿನ ನಂಟಿರುವ ಒಂದು ಕಥೆ ಹೇಳಬೇಕು. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ ಹೈದರಾಲಿ ಹುಟ್ಟಿದ ಊರು. ಅವನ ಮಗ ಟಿಪ್ಪು ಬ್ರಿಟಿಷರ ಜೊತೆ ಮಾಡಿದ ಮೂರನೇ ಯುದ್ಧದಲ್ಲಿ, 1792ರಲ್ಲಿ, ಬ್ರಿಟಿಷ್ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕವಾಸ್‌ಜಿ ಎಂಬ ಮರಾಠಿಗ ಸೆರೆಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕೊಯ್ದು ಕಳಿಸಿದರು. ಒಂದು ವರ್ಷ ಮೂಗಿಲ್ಲದೆ ಇದ್ದ ಅವನಿಗೆ ಪುಣೆಯಲ್ಲಿ ಇಟ್ಟಿಗೆ ಮಾಡುವ ಜಾತಿಯ ಒಬ್ಬ ವೈದ್ಯ ಹೊಸ ಮೂಗು ಕಟ್ಟಿಕೊಟ್ಟ. ಮೇಣದಲ್ಲಿ ಮೂಗಿನ ಅಚ್ಚು ಮಾಡಿ, ಬಿಡಿಸಿ, ಹಣೆಯ ಮೇಲೆ ಇಟ್ಟು ಗುರುತು ಹಾಕಿ, ಅಷ್ಟಗಲದ ಚರ್ಮವನ್ನು ಹುಬ್ಬುಗಳ ನಡುವೆ ಒಂದು ಕೊಂಡಿ ಉಳಿಸಿಕೊಂಡು ಬಿಡಿಸಿ, ಕೆಳಕ್ಕೆ ತಿರುಗಿಸಿ ಕೂರಿಸಿದ. ಅಂಟಿಗೆ ಬಳಸಿದ್ದು ಕಾಚು, ನಾವು ಎಲೆ ಅಡಿಕೆಗೆ ಹಾಕಿಕೊಳ್ಳುವ ಅದೇ ಕಾಚು. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜಿನ್ ಇದನ್ನು ಚಿತ್ರ ಸಮೇತ ಅಚ್ಚು ಹಾಕಿತು. ಅದರ ಜಾಡು ಹಿಡಿದ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಅದೇ ರೀತಿಯ ಆಪರೇಷನ್ ಮಾಡಿದ. ಇಂದಿನ ಪ್ಲಾಸ್ಟಿಕ್ ಸರ್ಜರಿಯ ಕವಲುಗಳಲ್ಲಿ ದೊಡ್ಡದೊಂದು ಹೊರಟಿದ್ದು ಅಲ್ಲಿಂದ. ಒಬ್ಬ ಎತ್ತಿನ ಗಾಡಿಯವನ ಹಣೆಯ ಚರ್ಮದಿಂದ, ಒಬ್ಬ ಇಟ್ಟಿಗೆಯವನ ಕೈಯಿಂದ. ಮೂಗಿಲ್ಲದಿದ್ದರೂ ಉಸಿರಾಡಬಹುದು, ಉಣ್ಣಬಹುದು, ಎತ್ತು ಹೊಡೆಯಬಹುದು. ತಕ್ಷಣದ ಅಪಾಯ ಏನೂ ಇರಲಿಲ್ಲ. ಷರತ್ತು 08ನ್ನು ಆಗ ತಂದಿದ್ದರೆ ಒಂದು ವರ್ಷದಿಂದ ಇದೆಯಲ್ಲ ಎಂದು ಅವನನ್ನೂ ವಾಪಸು ಕಳಿಸಬಹುದಿತ್ತು.

ಇನ್ನು ಭಯದ ಮಾತು. 2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡರು. ವಯಸ್ಸು 21. ಅತ್ತಿಗೆಯ ತಾಯಿ ಇವತ್ತಿಗೂ ಆ ಹೆಸರೆತ್ತಿ ಅಳುತ್ತಾರೆ, ಈ ಕೆಲಸವೇ ಬೇಡ ಎನ್ನುತ್ತಾರೆ. ಆ ಭಯವನ್ನು ನಾನು ತಳ್ಳಿಹಾಕಲಾರೆ. ಆದರೆ ಆ ಸಾವು ಯಾವ ಕಡೆ ವಾದಿಸುತ್ತದೆ? ಒಂದು ಚಿಕಿತ್ಸೆಯನ್ನು ಸೌಂದರ್ಯ ಎಂದು ಕರೆದು ವಿಮೆಯಿಂದಲೂ ಸರ್ಕಾರಿ ಆಸ್ಪತ್ರೆಯ ಲೆಕ್ಕದಿಂದಲೂ ಹೊರಗೆ ಹಾಕಿದರೆ ಜನ ಅದನ್ನು ಮಾಡಿಸದೆ ಬಿಡುವುದಿಲ್ಲ. ಎಲ್ಲಿ ಕಡಿಮೆಗೆ ಸಿಗುತ್ತದೋ ಅಲ್ಲಿಗೆ ಹೋಗುತ್ತಾರೆ. ಕಂತಿನ ಸಾಲದ ಜಾಹೀರಾತು ಹಾಕಿದ ಕ್ಲಿನಿಕ್ಕಿಗೆ ಹೋಗುತ್ತಾರೆ. ಅಲ್ಲಿ ತೀವ್ರ ನಿಗಾ ಘಟಕ ಇದೆಯೇ, ರಕ್ತ ಸಿಗುತ್ತದೆಯೇ, ಅರಿವಳಿಕೆ ಕೊಡುವವರು ಯಾರು ಎಂದು ಕೇಳುವವರು ಇರುವುದಿಲ್ಲ. ದುಡ್ಡು ಕೊಡುವ ವಿಮೆ ಇದ್ದರೆ ಕನಿಷ್ಠ ತನ್ನ ದುಡ್ಡಿನ ಆಸೆಗಾದರೂ ಕೇಳುತ್ತದೆ. ತೂಕ ನಿಂತು ಎಷ್ಟು ದಿನವಾಯಿತು, ಹಿಮೋಗ್ಲೋಬಿನ್ ಎಷ್ಟು, ಪ್ರೋಟೀನ್ ಎಷ್ಟು, ಬೀಡಿ ಸಿಗರೇಟು ಇದೆಯೇ ಎಂದು ನೋಡಿಯೇ ಕಡತ ಮುಂದೆ ಹೋಗುತ್ತದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟವರ ಚರ್ಮವನ್ನು ಕಟ್ಟಿಕೊಡುವ ವೈದ್ಯರು ಇದ್ದಾರೆ. ಕೈಯ ಕಸುಬು ಇದೆ. ಇಲ್ಲದಿರುವುದು ಕಾಗದದ ಮೇಲಿನ ಒಂದು ಸಾಲು.

ಕಾಗದದ ಮೇಲಿನ ಸಾಲಿನ ಬೆಲೆ ಕೋಲಾರ ಚಿನ್ನದ ಗಣಿಯವರಿಗೆ ಹೇಳಿಕೊಡಬೇಕಾಗಿಲ್ಲ. ಅತ್ತಿಗೆಯ ತವರು ರಾಬರ್ಟ್‌ಸನ್‌ಪೇಟೆ. ಅವರ ತಾತ ಚಾಂಪಿಯನ್ ರೀಫ್ಸ್‌ನಲ್ಲಿ ಇಳಿದು ಕೆಲಸ ಮಾಡಿದವರು, ಆ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿತ್ತು. ಕೊನೆಗಾಲದಲ್ಲಿ ಕೆಮ್ಮಿ ಕೆಮ್ಮಿ ಹೋದರು. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತು ಗಟ್ಟಿಯಾಗುವ ಆ ರೋಗಕ್ಕೆ ಸಿಲಿಕೋಸಿಸ್ ಎಂದು ಹೆಸರು. ಭಾರತದಲ್ಲಿ ಅದು ಮೊದಲು ವೈದ್ಯಕೀಯ ದಾಖಲೆಗೆ ಬಂದದ್ದು ಈ ಗಣಿಯಿಂದಲೇ, 1947ರಲ್ಲಿ. 1940ರಿಂದ 46ರ ನಡುವೆ ಪರೀಕ್ಷೆ ಮಾಡಿದ 7653 ಕೆಲಸಗಾರರಲ್ಲಿ 3402 ಜನಕ್ಕೆ ಅದು ಇತ್ತು, ನೂರಕ್ಕೆ 44ರ ಹತ್ತಿರ. ಗಣಿ ಶುರುವಾಗಿದ್ದು 1880ರಲ್ಲಿ. ಅಷ್ಟು ವರ್ಷ ಎಷ್ಟು ಜನ ಬರೀ ಕೆಮ್ಮಿನಿಂದ, ಕ್ಷಯದಿಂದ, ಕುಡಿತದಿಂದ ಸತ್ತರು ಎಂದು ಬರೆಸಿಕೊಂಡರೋ. ಪರಿಹಾರದ ಕಾಯ್ದೆಯ ಪಟ್ಟಿಯಲ್ಲಿ ಇರುವ ಹೆಸರಿನಿಂದ ಸತ್ತರೆ ಹೆಂಡತಿಗೆ ದುಡ್ಡು, ಬೇರೆ ಹೆಸರಿನಿಂದ ಸತ್ತರೆ ಹಣೆಬರಹ. ಮೈ ಅದೇ, ಕೆಮ್ಮೂ ಅದೇ. ಹೆಸರು ಬೇರೆ. ನಮ್ಮ ಊರಿನದೇ ತಮಾಷೆ ನೋಡಿ, ಮೈಸೂರಿನ ಕಮಿಷನರ್ ಬೌರಿಂಗ್ ಹೆಸರಿನ ಬೌರಿಂಗ್‌ಪೇಟೆ ಬಂಗಾರಪೇಟೆ ಆಗಿ ಬಂಗಾರದ ಊರೆನ್ನಿಸಿಕೊಂಡಿತು. ಹೆಸರು ಬದಲಾಯಿಸುವುದು ನಮಗೆ ಬಾರದ ವಿದ್ಯೆಯೇನಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಗಣಿಯ ಆಸ್ಪತ್ರೆಯೂ ಅದರ ಹಿಂದೆಯೇ ಹೋಯಿತು. ಜನ ಬೆಳಗಿನ ರೈಲು ಹತ್ತಿದರು. ಅತ್ತಿಗೆಯೂ ಆ ರೈಲಿನಲ್ಲೇ ಇದ್ದಾರೆ.

ಇದನ್ನು ಈಗಲೇ ಬರೆಯುವುದಕ್ಕೆ ಇನ್ನೊಂದು ಕಾರಣ ಇದೆ. 2025ರ ಮಾರ್ಚಿನಲ್ಲಿ ಮೌಂಜಾರೋ, ಜೂನಿನಲ್ಲಿ ವೆಗೋವಿ, ತೂಕ ಇಳಿಸುವ ಚುಚ್ಚುಮದ್ದುಗಳು ನಮ್ಮ ದೇಶದ ಅಂಗಡಿಗೆ ಬಂದವು. ಆಪರೇಷನ್ ಇಲ್ಲದೆಯೇ ತೂಕ ಇಳಿಸಿಕೊಳ್ಳುವವರು ಹೆಚ್ಚುತ್ತಾರೆ. ಹೆಂಗಸರಷ್ಟೇ ಅಲ್ಲ, ಎದೆಯ ಚರ್ಮ ಜೋತುಬಿದ್ದು ಮಗನ ಮುಂದೆ ಬನಿಯನ್ ತೆಗೆಯಲಾರದ ಗಂಡಸರೂ ಬರುತ್ತಾರೆ. ಔಷಧಿ ಕಂಪನಿಗಳು ಇಳಿದ ಕಿಲೋಗಳ ಚಿತ್ರ ತೋರಿಸುತ್ತವೆ, ಉಳಿದ ಚರ್ಮದ್ದನ್ನು ತೋರಿಸುವುದಿಲ್ಲ. ನೂರಾರು ಜನ ಮಡಿಸಿದ ಬಟ್ಟೆ ಕೈಚೀಲದಲ್ಲಿ ಇಟ್ಟುಕೊಂಡು ಓಡಾಡುವ ಕಾಲಕ್ಕೆ ಈ ಪದವನ್ನು ಕೀಳಲು ಕಾಯಬೇಕೆ? ಆಗಬೇಕಾದದ್ದು ದೊಡ್ಡದೇನಲ್ಲ. 08ರ ಆ ಮೂರು ವಿನಾಯಿತಿಗಳ ಪಕ್ಕ ನಾಲ್ಕನೆಯದಾಗಿ, ಭಾರಿ ತೂಕ ಇಳಿಕೆಯ ನಂತರ ಔಷಧಿಗೆ ಬಗ್ಗದ ಚರ್ಮದ ಮಡಿಕೆ ಎಂದು ಬರೆಯುವುದು. ತಕ್ಷಣದ ಎಂಬ ಪದವನ್ನು ಹೊಡೆದುಹಾಕುವುದು. ಜಿಎಸ್‌ಟಿಯ ಪಟ್ಟಿಯಲ್ಲಿ ಗಾಯ, ಆಘಾತಗಳ ಜೊತೆ ರೋಗ ಎಂಬ ಒಂದು ಪದ ಸೇರಿಸುವುದು. 06ರಲ್ಲಿ ಆಪರೇಷನ್ ಒಪ್ಪಿಕೊಂಡ ಕಂಪನಿ ಅದರ ಉಳಿಕೆಯನ್ನೂ ಒಪ್ಪಿಕೊಳ್ಳಬೇಕು ಎನ್ನುವುದು. ಎಲ್ಲ ಸೇರಿ ಅರ್ಧ ಪುಟ.

ಪತ್ರಕ್ಕೆ ನಾವು ಉತ್ತರ ಬರೆದೆವು. ಕಂಪನಿ ಈ ಸಲ ಇಲ್ಲ ಎನ್ನಲಿಲ್ಲ, ಮರುಪರಿಶೀಲನೆಗೆ ಫೋಟೋಗಳು ಬೇಕೆಂದು ಕೇಳಿತು. ಮುಂದಿನಿಂದ, ಎರಡು ಪಕ್ಕದಿಂದ, ಮಡಿಕೆ ಎತ್ತಿ ಹಿಡಿದು, ಮುಖ ಕಾಣುವಂತೆ. ಮುಖ ಯಾಕೆ ಎಂದರೆ ಗುರುತಿಗೆ. ರಾಬರ್ಟ್‌ಸನ್‌ಪೇಟೆಯ ಸ್ಟುಡಿಯೋಕ್ಕೆ ಹೋಗುವುದಂತೂ ಆಗದ ಮಾತು. ಬಾಗಿಲು ಹಾಕಿ ನನ್ನ ಫೋನಿನಲ್ಲಿ ತೆಗೆಯಲು ನಿಂತೆವು. ಗಣಿಯಿಂದ ಮೇಲೆ ಬಂದವರ ಮೈ ತಡಕಿ ಬಿಡುತ್ತಿದ್ದ ಊರು ಅದು. 1930ರಲ್ಲಿ ಬೆರಳಚ್ಚು ಕೊಡುವುದಿಲ್ಲ ಎಂದು ಸಾವಿರಾರು ಕೆಲಸಗಾರರು ಕೆಲಸ ನಿಲ್ಲಿಸಿದ ಊರೂ ಹೌದು. ಅತ್ತಿಗೆ ಸೆರಗು ತೆಗೆದವರು ಮತ್ತೆ ಹಾಕಿಕೊಂಡರು. 'ಹೊಟ್ಟೆ ತೆಗಿ. ಮುಖ ಬೇಡ,' ಎಂದರು.

ಮುಖವಿಲ್ಲದ ಆರು ಫೋಟೋಗಳನ್ನು, ಚರ್ಮರೋಗ ತಜ್ಞರ ಚೀಟಿಗಳನ್ನು, 06ರ ಅಡಿಯಲ್ಲಿ ಅವರೇ ಕೊಟ್ಟ ಹಳೆಯ ಮಂಜೂರಾತಿ ಪತ್ರವನ್ನು ಒಟ್ಟು ಮಾಡಿ ಕಳಿಸಿದ್ದೇವೆ. ಒಂದು ತಿಂಗಳು ಕಾದು ನೋಡುವುದು, ಆಮೇಲೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿ. ಅಲ್ಲಿಗೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಅರ್ಜಿಯ ಕರಡನ್ನು ಅತ್ತಿಗೆಯೇ ರೈಲಿನಲ್ಲಿ ನಿಂತುಕೊಂಡು ಫೋನಿನಲ್ಲಿ ಬರೆಯುತ್ತಿದ್ದಾರೆ. ಮಾಲೂರು ತನಕ ಒಂದು ಪುಟ ಆಗುತ್ತದಂತೆ.